ಡೋರ್ತೆ ತರಬೇಕಿದ್ದ ಕೇಕು

ಒಡೆನ್ಸೆ ನಗರದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ತಪ್ಪು ಮಾಡಿದವರು ಶುಕ್ರವಾರ ಬೆಳಿಗ್ಗೆ ಕೇಕು ತರಬೇಕು. ಬೈಗುಳವಿಲ್ಲ, ವಿಚಾರಣೆಯಿಲ್ಲ. ನಡೆದದ್ದನ್ನು ನಗುತ್ತ ಹೇಳಿ, ಎಲ್ಲರಿಗೂ ಒಂದೊಂದು ತುಂಡು ಕೊಯ್ದು ಕೊಟ್ಟರೆ ಮುಗಿಯಿತು. ಈ ಎಡವಟ್ಟಿನ ಕೇಕು ಆ ಕಡೆಯವರಿಗೆ ಹೊಸದಲ್ಲ. ಆದರೆ ಹನ್ನೊಂದು ಮಂದಿಯ ತಂಡದ ಮುಖ್ಯಸ್ಥೆ ಡೋರ್ತೆ ಅದಕ್ಕೆ ಇನ್ನೊಂದು ನಿಯಮ ಸೇರಿಸಿದ್ದಳು. ತಪ್ಪಿನ ವರದಿಯಲ್ಲಿ ಏನಾಯಿತು ಎಂದಿರಬೇಕು, ಯಾರಿಂದ ಎಂದಿರಬಾರದು.

ಅದಕ್ಕೆ ಕಾರಣವಿತ್ತು. ಕಂಪ್ಯೂಟರ್ ಕಲಿಯುವ ಮೊದಲು ಅವಳು ಒಂಬತ್ತು ವರ್ಷ ಸೈಕಲ್ ತುಳಿದು ಮನೆಮನೆಗೆ ಹೋಗಿ ವೃದ್ಧರ ಆರೈಕೆ ಮಾಡುತ್ತಿದ್ದವಳು. ಒಮ್ಮೆ ಒಬ್ಬರ ಮಾತ್ರೆಯ ಡಬ್ಬಿ ಇನ್ನೊಬ್ಬರ ಮನೆ ಸೇರಿದಾಗ, ಮೇಲಧಿಕಾರಿ ಹದಿನಾಲ್ಕು ಜನರೆದುರು ಅವಳ ಹೆಸರು ಹಿಡಿದು ಕೂಗಿದ್ದಳು. ಆಮೇಲೆ ಎರಡು ವರ್ಷ ಡೋರ್ತೆ ತನ್ನ ಸಣ್ಣಪುಟ್ಟ ತಪ್ಪುಗಳನ್ನೆಲ್ಲ ಮುಚ್ಚಿಟ್ಟಳು. ತನ್ನ ತಂಡದಲ್ಲಿ ಯಾರಿಗೂ ಆ ಭಯ ಇರಕೂಡದು ಎಂದು ಅವಳು ನಿಶ್ಚಯಿಸಿದ್ದು ಹೀಗೆ. ಈಗ ಆ ತಂಡ ಮಾಡುವುದೂ ಅದೇ ಆರೈಕೆಯವರ ಫೋನಿನಲ್ಲಿ ಯಾವ ಮನೆಗೆ ಎಷ್ಟು ಹೊತ್ತಿಗೆ ಹೋಗಬೇಕೆಂದು ತೋರಿಸುವ ಕೆಲಸ.

ಮಾರ್ಚಿನ ಒಂದು ಶುಕ್ರವಾರ, ಮಧ್ಯಾಹ್ನ ಎರಡಕ್ಕೆ, ರೂನೆ ಅವಳ ಬಳಿ ಬಂದ. ಮಾತು ಕಡಿಮೆಯವನು, ಆದರೆ ತಂಡದಲ್ಲಿ ಅವನಷ್ಟು ಹುಷಾರಿಯವರು ಇನ್ನೊಬ್ಬರಿರಲಿಲ್ಲ.

"ಡೋರ್ತೆ, ನಂಗೊಂದು ಅನುಮಾನ. ದಿನ ಬಿಟ್ಟು ದಿನ ಹೋಗೋ ಮನೆಗಳ ಪಟ್ಟಿ ಇನ್ನೂ ಪರೀಕ್ಷೆ ಆಗಿಲ್ಲ. ಹೊಸ ಬದಲಾವಣೇನ ಸೋಮವಾರ ಬಿಡುಗಡೆ ಮಾಡೋಣ್ವಾ?"

ಅವಳು ಆಗಲೇ ಕೋಟಿನ ಒಂದು ತೋಳಿಗೆ ಕೈ ತೂರಿಸಿದ್ದಳು. ಇವತ್ತೇ ಕೊಡುತ್ತೇವೆಂದು ಆರೈಕೆ ನಡೆಸುವ ನಗರಸಭೆಗೆ ಮಾತು ಕೊಟ್ಟಿದ್ದಳು.

"ಅಯ್ಯೋ ರೂನೆ, ಮೋಡ ಕಟ್ಟೋಕೆ ಮುಂಚೇನೇ ನೀನು ಕೊಡೆ ಬಿಚ್ತೀಯ. ಚಿಕ್ಕ ಬದಲಾವಣೆ ಅದು. ಇವತ್ತೇ ಬಿಡು, ಆಮೇಲೆ ಮನೆಗೆ ಹೋಗು."

ಅವನ ಭುಜ ತಟ್ಟಿ ಹೊರಟುಹೋದಳು.

ಶನಿವಾರ ಬೆಳಿಗ್ಗೆ ಮೂವತ್ತೇಳು ಮನೆಗಳು ಪಟ್ಟಿಯಿಂದ ಮಾಯವಾಗಿದ್ದವು. ಸರಿಹೋಗುವಷ್ಟರಲ್ಲಿ ಮಧ್ಯಾಹ್ನ. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಆದರೆ ತೊಂಬತ್ತೊಂದು ವರ್ಷದ ಆಕ್ಸೆಲ್ ಎಂಬವರು ಕಣ್ಣಿಗೆ ಔಷಧಿ ಹಾಕಿಸಿಕೊಳ್ಳಲು ಏಳು ಗಂಟೆಯಿಂದ ಬಟ್ಟೆ ತೊಟ್ಟು ಕುರ್ಚಿಯಲ್ಲಿ ಕಾದಿದ್ದರಂತೆ. ಕೊನೆಗೆ ಬಂದವಳಿಗೆ, "ಬೆಳಿಗ್ಗೆ ಬರ್ಬೇಕಿದ್ದ ಹುಡುಗೀನ ಬೈಬೇಡಿ, ಸೈಕಲ್ ಪಂಕ್ಚರ್ ಆಗಿರ್ಬೇಕು ಪಾಪ" ಎಂದರಂತೆ. ನಗರಸಭೆಯವರು ಇದನ್ನು ಡೋರ್ತೆಗೆ ಫೋನಿನಲ್ಲಿ ಹೇಳಿದರು.

ಸೋಮವಾರ ತಂಡದವರೆಲ್ಲ ಕೂತು ವರದಿ ಬರೆದರು. "ಪರೀಕ್ಷೆ ಮುಗಿಯುವ ಮೊದಲೇ ಬಿಡುಗಡೆಯಾಯಿತು." ಯಾರು ಬಿಡು ಎಂದರು ಎಂಬುದಿಲ್ಲ. ನಿಯಮದ ಪ್ರಕಾರ ಸರಿಯಾಗಿಯೇ ಇತ್ತು. ಡೋರ್ತೆ ಬಾಯಿ ತೆರೆದಳು. ನನ್ನ ಹೆಸರು ಹೇಳಿದರೆ ನಾನೇ ಮಾಡಿದ ನಿಯಮವನ್ನು ನಾನೇ ಮುರಿದಂತಾಗುತ್ತದಲ್ಲ ಎನ್ನಿಸಿತು. ಆ ಕಾರಣ ಎಷ್ಟು ಚೆನ್ನಾಗಿತ್ತೆಂದರೆ, ಅವಳು ಅದಕ್ಕೆ ಒರಗಿ ಕುಳಿತುಬಿಟ್ಟಳು.

ಆ ಶುಕ್ರವಾರ ಕೇಕು ತಂದವನು ರೂನೆ. ಕಂದು ಸಕ್ಕರೆ, ಬೆಣ್ಣೆ ಸುರಿದ ಬ್ರೂನ್ಸ್‌ವಿಯರ್, ಇನ್ನೂ ಬಿಸಿ.

"ಇನ್ಮೇಲೆ ಕನ್ನಡಕ ಹಾಕ್ಕೊಂಡು ಬಿಡುಗಡೆ ಬಟನ್ ಒತ್ತಪ್ಪಾ!" ಎಂದ ಪ್ರೇಬೆನ್, ತಂಡದ ಹಿರಿಯ. ಎಲ್ಲರೂ ನಕ್ಕರು.

"ಒತ್ತಿದ್ದು ನಾನೇ ಅಲ್ವಾ" ಎಂದು ರೂನೆಯೂ ನಕ್ಕ. ಸಕ್ಕರೆ ಹೆಚ್ಚು ನಿಂತಿದ್ದ ತುಂಡನ್ನು ಡೋರ್ತೆಯ ತಟ್ಟೆಗೆ ಹಾಕಿದ. ಅವಳ ಮುಖ ನೋಡಲಿಲ್ಲ. ಅವಳು ಅದನ್ನು ಪೂರ್ತಿ ತಿಂದಳು.

ಅಂದಿನಿಂದ ಬೆಳಗಿನ ಸಭೆಯಲ್ಲಿ ರೂನೆಯದು ಒಂದೇ ಮಾತು, "ಎಲ್ಲ ಸರಿಯಾಗಿದೆ." ಮೂರು ವಾರ ಹೀಗೇ ಹೋಯಿತು. ಆಮೇಲೆ ಒಂದು ಅರ್ಜಿ ತಂದಿಟ್ಟ. ಆರೈಕೆಯವರಿಗಾಗಿ ಕೈಪಿಡಿ ಬರೆಯುವ ಕೆಲಸಕ್ಕೆ ತನ್ನನ್ನು ಹಾಕಬೇಕು.

"ಯಾಕೋ?"

"ಬರೆಯೋದು ಇಷ್ಟ."

"ರೂನೆ..."

"ಅನುಮಾನ ಅಂದ್ರೆ ನೀನು ನಗ್ತೀಯ. ಅನುಮಾನ ನಿಜ ಆದ್ರೆ ಕೇಕೂ ನಾನೇ ತರ್ಬೇಕು. ಎರಡೂ ಕೆಲ್ಸ ನನ್ನ ಕೈಲಿ ಆಗಲ್ಲ ಡೋರ್ತೆ."

ಅಂದು ತನ್ನ ಹೆಸರು ಹಿಡಿದು ಕೂಗಿದವಳಿಗಿಂತ ತಾನೇನು ಮೇಲಾದೆ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಆ ಹೆಂಗಸು ಕಡೇಪಕ್ಷ ಬೇರೆಯವರ ಕೈಯ ಕೇಕು ತಿಂದಿರಲಿಲ್ಲ.

ಮರುದಿನ ಬೆಳಗಿನ ಸಭೆಗೆ ಎಲ್ಲರೂ ಕಿಟಕಿಯ ಬಳಿ ನಿಂತಿದ್ದಾಗ ಹೇಳಿದಳು. "ಮಾರ್ಚಲ್ಲಿ ಆ ಮನೆಗಳು ತಪ್ಪಿಹೋದ್ವಲ್ಲ, ರೂನೆ ಸೋಮವಾರ ಬಿಡೋಣ ಅಂದಿದ್ದ. ಇವತ್ತೇ ಬಿಡು ಅಂದೋಳು ನಾನು."

"ಹೆಸರು ಹೇಳ್ಬಾರ್ದು ಅಂತ ಕಾನೂನು ಮಾಡ್ದೋಳು ನೀನೇ ಅಲ್ವೇನೇ?" ಪ್ರೇಬೆನ್ ತಮಾಷೆಗೆಳೆಯಲು ನೋಡಿದ.

"ಇನ್ನೊಬ್ರ ಹೆಸರು ಹೇಳ್ಬಾರ್ದು ಅಂತ ಮಾಡಿದ್ದು. ನಾನು ಅದ್ರ ಹಿಂದೆ ಬಚ್ಚಿಟ್ಕೊಂಡೆ."

ಯಾರೂ ನಗಲಿಲ್ಲ. ಪ್ರೇಬೆನ್ ತನ್ನ ಬೂಟು ನೋಡುತ್ತ ರೂನೆಗೆ, "ಬಾಯಿ ನಂದೂ ಸುಮ್ನಿರ್ಲಿಲ್ಲ, ಮಾರಾಯ" ಎಂದ. ರೂನೆ ಹೂಂಗುಟ್ಟಿದ. ತನ್ನ ಮೇಜಿಗೆ ಹೋಗುವಾಗ ಅವಳ ಪಕ್ಕ ಒಂದು ಕ್ಷಣ ನಿಂತ.

"ಆ ಸೋಮವಾರಾನೇ ಹೇಳಿದ್ರೆ ಸಾಕಿತ್ತು."

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಚುಚ್ಚಿತು.

ಮಧ್ಯಾಹ್ನ ಅವನ ಅರ್ಜಿಗೆ ಸಹಿ ಹಾಕಿದಳು. ಹೋಗಬೇಡ ಎನ್ನುವ ಮಾತು ನಾಲಗೆಯ ತನಕ ಬಂತು. ಹಾಗೆ ಕೇಳುವುದೂ ತನ್ನ ಭಾರ ಇಳಿಸಿಕೊಳ್ಳಲಿಕ್ಕೇ ಅನ್ನಿಸಿ ನುಂಗಿದಳು. ವರದಿ ತೆಗೆದು ಆ ಸಾಲಿನಲ್ಲಿ ತನ್ನ ಹೆಸರು ಬರೆದಳು. ಎದೆಯೇನೂ ಹಗುರವಾಗಲಿಲ್ಲ.

ಜೂನ್‌ನಲ್ಲಿ ಕೈಪಿಡಿಗೆಂದು ಅವಳು ಬರೆದುಕೊಟ್ಟ ಒಂದು ಪುಟ ಹಿಡಿದು ರೂನೆ ಬಂದ.

"ಇದು ತಪ್ಪು. ಯಾವಾಗ್ಲೂ ಹೋಗೋ ಮನೆ ಪಟ್ಟೀಲಿ ಕಾಣ್ದಿದ್ರೆ ಕಚೇರಿಗೆ ಫೋನ್ ಮಾಡಿ ಅಂತ ಬರ್ದಿದೀಯ. ಮೊದ್ಲು ಆ ಮನೆಗೆ ಹೋಗ್ಬೇಕು. ಫೋನ್ ಆಮೇಲೆ."

ಒಂಬತ್ತು ವರ್ಷ ಆ ಬಾಗಿಲುಗಳನ್ನು ತಟ್ಟಿದ ತನಗೆ ಇದು ಹೊಳೆಯಲಿಲ್ಲವಲ್ಲ ಎಂದು ಡೋರ್ತೆ ಕೆಂಪಾದಳು. ನಿಧಾನವಾಗಿ ಸಾಲು ಹೊಡೆದುಹಾಕಿದಳು.

"ನೀನ್ ಹೇಳಿದ್ದೇ ಸರಿ. ಇನ್ನೇನಾದ್ರೂ ಇದ್ಯಾ?"

ಅವನು ಪುಟವನ್ನು ಮಡಚಿ ಜೇಬಿಗಿಟ್ಟ.

"ಒಂದು ಅನುಮಾನ ಇದೆ" ಎಂದು ಕುರ್ಚಿ ಎಳೆದುಕೊಂಡು ಕೂತ.