ಆಲಸನತ್ತಂನ ಹಾವುಮೀನು

ಕಡಲುಪ್ಪು ಕಲಸಿದ ನೀರಿನ ಸೌಳು ವಾಸನೆ ಎಲ್ಲಾದರೂ ಮೂಗಿಗೆ ತಾಗಿದರೆ ನಾನು ಆಲಸನತ್ತಂ ಬಡಾವಣೆಯ ಎರಡು ಕೋಣೆಯ ಮನೆಗೆ ಹೋಗಿಬಿಡುತ್ತೇನೆ. ನಿಮಗೂ ಇಂಥದೊಂದು ಮನೆ ಇದ್ದಿರಬಹುದು. ನಮ್ಮೂರು ಬೇರಿಕೆಯಿಂದ ಓದಲೆಂದು ಬಂದ ನನ್ನನ್ನು ಇಟ್ಟುಕೊಂಡಿದ್ದ ದೊಡ್ಡಪ್ಪ ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ದೊಡ್ಡಪ್ಪ ಲಾರಿ ಫ್ಯಾಕ್ಟರಿಯ ಶಿಫ್ಟು ಮುಗಿಸಿ ಬಂದವರೇ ಉಪ್ಪುನೀರು ತುಂಬಿದ ಗಾಜಿನ ತೊಟ್ಟಿಯ ಮುಂದೆ ಕೂರುತ್ತಿದ್ದರು. ಅದರಲ್ಲಿದ್ದದ್ದು ಒಂದೇ ಜೀವ, ಊರು ಬಿಟ್ಟ ಗೆಳೆಯರೊಬ್ಬರು ಕೊಟ್ಟುಹೋದ ಕಡಲ ಹಾವುಮೀನು. ಮೊಳದುದ್ದದ ಬಿಳಿ ಮೈ, ಕಪ್ಪು ಮಚ್ಚೆ, ನಡುನಡುವೆ ಅರಿಶಿನದ ಚುಕ್ಕಿ. ಹಗಲೆಲ್ಲ ಪೈಪಿನ ತುಂಡೊಳಗೆ ಅಡಗಿ, ತಲೆಯಷ್ಟೇ ಹೊರಗಿಟ್ಟು ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಕಣ್ಣು ಮಂದ, ಸಂಜೆ ಸೀಗಡಿ ಇಳಿಬಿಟ್ಟರೆ ವಾಸನೆ ಹಿಡಿದೇ ಬರುತ್ತಿತ್ತು. ಮಾತು ಕಡಿಮೆಯ ದೊಡ್ಡಪ್ಪ ಅದರೊಂದಿಗೆ ಮಾತ್ರ ಏನೇನೋ ಹೇಳಿಕೊಳ್ಳುತ್ತಿದ್ದರು. "ನಿಮ್ ದೊಡ್ಡಪ್ಪನ ಎರಡ್ನೇ ಸಂಸಾರ ಕಣಮ್ಮಿ" ಎಂದು ದೊಡ್ಡಮ್ಮ ನಗುತ್ತಿದ್ದಳು.

ಶ್ರಾವಣ ಬಂತು. ಆ ತಿಂಗಳು ನಮ್ಮ ಹೊಸ್ತಿಲೊಳಗೆ ಮೀನು ಮಾಂಸ ಬರುವಂತಿಲ್ಲ, ಸೀಗಡಿಯೂ ನಿಂತಿತು. ತೆರೆದ ಬಾಯಿ ಕಂಡಾಗಲೆಲ್ಲ ದೊಡ್ಡಮ್ಮ ಕೈಗೆಲಸ ಬಿಟ್ಟು ತೊಟ್ಟಿಯ ಹತ್ತಿರ ಬಂದು ನಿಲ್ಲುತ್ತಿದ್ದಳು. "ಹಸ್ಕಂಡು ಬಾಯ್ ಬುಡ್ತದೆ, ನೋಡಕ್ಕಾಗಕಿಲ್ಲ ಕಣ್ರೀ" ಎಂದಳು. "ಅದು ಉಸ್ರಾಡೋದೇ ಹಂಗೆ ಕಣೇ. ವಾರಗಟ್ಲೆ ತಿನ್ದೆ ಇರ್ತದೆ, ಸುಮ್ಕಿರು" ಎಂದರು ದೊಡ್ಡಪ್ಪ. ಅವಳು ನಂಬಲಿಲ್ಲ. ದೇವರ ತಿಂಗಳಲ್ಲಿ ಮನೆಯೊಳಗೊಂದು ಜೀವ ಉಪವಾಸವಿರುವುದು ಅವಳಿಗೆ ಪಾಪವೆನಿಸಿತ್ತು. ಒಂದು ಶನಿವಾರ ಅವರು ಕೆಲಸಕ್ಕೆ ಹೋದ ಮೇಲೆ, ಮೀನು ಅಡಗಿದ್ದ ಪೈಪನ್ನೇ ಎತ್ತಿ ಬಕೆಟ್ಟಿಗಿಟ್ಟು, ನನ್ನನ್ನೂ ಕರೆದುಕೊಂಡು ಕೆರೆಗೆ ನಡೆದಳು. ನೀರಿಗೆ ಬಿಟ್ಟು ಕೈಮುಗಿದು, "ಹೋಗಪ್ಪಾ, ನಿನ್ನೋರ್ ಜೊತೆ ಸೇರ್ಕೋ" ಅಂದಳು.

ಸಂಜೆ ದೊಡ್ಡಪ್ಪನಿಗೆ ಇದನ್ನೆಲ್ಲ ಹಿಗ್ಗಿನಿಂದ ಹೇಳಿದಳು. ಕಡಲ ಮೀನು ಕೆರೆಯ ಸಿಹಿನೀರಿನಲ್ಲಿ ಬದುಕುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ನನಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಅವರ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. "ಒಳ್ಳೇದ್ ಮಾಡ್ದೆ ಬುಡು" ಎಂದವರು ಖಾಲಿ ತೊಟ್ಟಿಯ ಮುಂದೆ ಎಂದಿನಂತೆ ಕೂತರು. ಅಷ್ಟು ಒಂಟಿಯಾಗಿ ಕೂತ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ. ಗುಳ್ಳೆ ಬಿಡುವ ಮೋಟರು ಎಷ್ಟೋ ದಿನ ಓಡುತ್ತಲೇ ಇತ್ತು.

ಈಗ ಇಬ್ಬರೂ ಇಲ್ಲ. ಮನೆಯಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದಿದೆ. ಅವರಿಬ್ಬರೂ ಇದ್ದಷ್ಟು ಕಾಲ, ಕೆರೆ ಏರಿಯ ಮೇಲೆ ಸ್ಕೂಟರಿನಲ್ಲಿ ಹೋಗುವಾಗೆಲ್ಲ ದೊಡ್ಡಮ್ಮ ಕತ್ತು ಚಾಚಿ ನೀರು ನೋಡುತ್ತಿದ್ದಳು. "ಈಗ ದೊಡ್ಡದಾಗಿರ್ತದೆ, ಅಲ್ವೇನ್ರೀ?" ಎಂದು ಕೇಳುತ್ತಿದ್ದಳು. ದೊಡ್ಡಪ್ಪ ಗಾಡಿ ನಿಧಾನ ಮಾಡಿ, "ಹೂಂ, ಮರಿ ಹಾಕಿರ್ತದೆ" ಅನ್ನುತ್ತಿದ್ದರು.