ಚಿಲಕ ಸಡಿಲವಾದ ಕೋಣೆಯ ಬಾಗಿಲಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಹೆಂಗಸರ ತಪಾಸಣೆ ಕೋಣೆಗೆ ಬಂದ ನರ್ಸಮ್ಮ ಮೊದಲು ಚಿಲಕ ಎಳೆದು ನೋಡುತ್ತಾರೆ. ಸಡಿಲವಾಗಿದೆ. "ಯಾವತ್ತು ಕೈಕೊಡುತ್ತೋ ಹೇಳಕ್ಕಾಗಲ್ಲ" ಎನ್ನುತ್ತಾರೆ. ಹಾಗಾಗಿ ಡಾಕ್ಟರು ಪರೀಕ್ಷೆ ಮುಗಿಸುವ ತನಕ ಇವರು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿರುತ್ತಾರೆ. ಬಹಳ ವರ್ಷಗಳಿಂದ ಇದೇ ರೂಢಿ. ಬರುವ ಹೆಂಗಸರು ಇವರಿಗೆ ಇಟ್ಟ ಹೆಸರು ಬಾಗಿಲಕ್ಕ. ಇವರ ಬಗ್ಗೆ ಬರೆಯಲೆಂದು ಇವತ್ತು ನಾನೂ ಜೊತೆಗಿದ್ದೇನೆ.

ಹೊರಗಿನ ಬೆಂಚಿನ ಮೇಲೆ ಬಟ್ಟೆ ಹೊಲಿಯುವ ಹೆಂಗಸೊಬ್ಬರು ಆಗಲೇ ಬಂದು ಕೂತಿದ್ದಾರೆ. ಜನನಾಂಗದ ಹೊರತುಟಿಯ ಮೇಲೆ ಎದ್ದ ಗಂಟನ್ನು ಎರಡು ಸಲ ಬೇರೆಲ್ಲೋ ತೆಗೆಸಿದ್ದರು, ಎರಡು ಸಲವೂ ಅದು ಮರಳಿ ಬಂತು. ಅಲ್ಲಿನ ಡಾಕ್ಟರು ತೆಗೆದದ್ದನ್ನು ಪರೀಕ್ಷೆಗೆ ಕಳಿಸದೆ ಬಿಸಾಡಿದ್ದರಂತೆ. ಕೇಳಿ ನನಗೆ ಮೈ ಉರಿಯಿತು. ಮೂರನೆಯ ಸಲ ಇಲ್ಲಿ ತೆಗೆದಿದ್ದಾರೆ, ಇವತ್ತು ರಿಪೋರ್ಟ್ ಬರಬೇಕು. "ಮಷಿನ್ ತುಳಿಯಕ್ಕೆ ಕೂತ್ರೆ ಉರಿ. ಅದಕ್ಕಿಂತ ಭಯಾನೇ ಜಾಸ್ತಿ. ಗಂಡನಿಗೂ ಹೇಳಿಲ್ಲ" ಎನ್ನುತ್ತಾರೆ. ಕ್ಯಾನ್ಸರ್ ಎಂಬ ಮಾತನ್ನು ಮಾತ್ರ ಆಕೆ ಬಾಯಿಬಿಟ್ಟು ಆಡುವುದಿಲ್ಲ.

ಇಲ್ಲಿ ಗಂಟು ತೆಗೆದ ದಿನ ಡಾಕ್ಟರು ಅದರ ಒಂದು ಅಂಚಿಗೆ ದಾರ ಕಟ್ಟಿದ್ದರು, ಯಾವ ಕಡೆ ಯಾವುದೆಂದು ಲ್ಯಾಬಿನವರಿಗೆ ತಿಳಿಯಲಿ ಎಂದು. ಅಂಚಿನ ಒಂದು ಚೂರು ಮೈಯಲ್ಲಿ ಉಳಿದರೂ ಮತ್ತೆ ಬೆಳೆಯಬಹುದು. ಗಂಟನ್ನು ಇಟ್ಟ ಸೀಸೆಯನ್ನು ಬಾಗಿಲಕ್ಕ ಯಾರ ಕೈಗೂ ಕೊಡದೆ ತಾವೇ ಲ್ಯಾಬಿಗೆ ಒಯ್ದಿದ್ದರು. "ಸೀಸೆ ಅದಲುಬದಲಾದ್ರೆ ಒಬ್ಬರ ರೋಗ ಇನ್ನೊಬ್ಬರ ಮನೆಗೆ ಹೋಗುತ್ತೆ."

"ಏನೂ ಆಗಲ್ಲ ಅಂತ ಒಂದು ಮಾತು ಹೇಳಿ ಅಕ್ಕ" ಎಂದು ಆಕೆ ಅಂಗಲಾಚುತ್ತಾರೆ.

ಬಾಗಿಲಕ್ಕ ಪಕ್ಕದಲ್ಲಿ ಕೂರುತ್ತಾರೆ. "ಗೊತ್ತಿಲ್ದೆ ಹೇಗಮ್ಮ ಹೇಳ್ಲಿ? ನನಗೂ ಎದೆ ಢವಢವ ಅಂತಿದೆ."

ಒಳಗಿನಿಂದ ಕರೆ ಬರುತ್ತದೆ. ಇಬ್ಬರೂ ಹೋಗುತ್ತಾರೆ, ನಾನು ಬೆಂಚಿನಲ್ಲೇ ಉಳಿಯುತ್ತೇನೆ. ಬಾಗಿಲು ತೆರೆದಾಗ ಆಕೆ ಅಳುತ್ತಿದ್ದಾರೆ. ನಾನು ಎದ್ದು ನಿಲ್ಲುತ್ತೇನೆ.

"ಅದಲ್ಲವಂತೆ" ಎಂದು ಆಕೆಯೇ ಹೇಳುತ್ತಾರೆ. ಕ್ಯಾನ್ಸರ್ ಅಲ್ಲ. ಅಪರೂಪದ, ಜೀವಕ್ಕೆ ಅಪಾಯವಿಲ್ಲದ ಗಂಟು. ಆದರೆ ಮತ್ತೆ ತಲೆ ಎತ್ತಬಹುದು, ಆಗಾಗ ತೋರಿಸುತ್ತಿರಬೇಕು.

"ಮತ್ತೆ ಬಂದ್ರೆ, ಅಕ್ಕ?"

"ಕಡಲೆಕಾಳಿನಷ್ಟಿರುವಾಗಲೇ ಬಾಮ್ಮ. ನಿಂಬೆಹಣ್ಣಾಗೋ ತನಕ ಮುಚ್ಚಿಟ್ಕೋಬೇಡ. ಬಾಗಿಲಲ್ಲಿ ನಾನಿರ್ತೀನಿ."

ಆಕೆ ಕಣ್ಣೊರೆಸಿಕೊಂಡು ಹೋಗುತ್ತಾರೆ. ಬಾಗಿಲಕ್ಕ ಆಕೆ ಹೋದ ದಾರಿಯನ್ನು ನೋಡಿ ನನ್ನ ಕಡೆ ತಿರುಗುತ್ತಾರೆ.

"ನಾನಿರ್ತೀನಿ ಅಂತ ಬಾಯಿಗೆ ಬಂದುಬಿಡ್ತು ನೋಡಿ. ಬರೋ ತಿಂಗಳು ನನಗೆ ರಿಟೈರ್‌ಮೆಂಟು. ಅಷ್ಟರೊಳಗೆ ಆಸ್ಪತ್ರೆಯೋರು ಒಂದು ಗಟ್ಟಿ ಚಿಲಕ ಹಾಕಿಸ್ಲಿ, ಸಾಕು."