ಪೇಟೆಯ ಮಹಡಿ, ತಾಳಗುಂದದ ಅಂಗಳ

ಬಸ್ಸು ಯಾವ ಊರಿನಲ್ಲಾದರೂ ಐದು ನಿಮಿಷ ನಿಂತರೆ ಸಾಕು, ನಾನು ಆ ಊರಿನಲ್ಲೊಂದು ಮನೆ ಹಿಡಿದುಬಿಡುತ್ತೇನೆ. ಮನಸ್ಸಿನಲ್ಲೇ, ಮುಂಗಡ ಕೊಡದೆ. ಉಳಿದವರು ಇಳಿದು ಕಾಫಿ ಕುಡಿಯುತ್ತಿರುವಾಗ ನಾನು ಕಿಟಕಿಯಲ್ಲಿ ಕುಳಿತು, ಆ ಹೆಂಚಿನ ಮನೆಗೆ ಬಾವಿ ಹತ್ತಿರ, ಆದರೆ ಪಕ್ಕದಲ್ಲೇ ಹಿಟ್ಟಿನ ಗಿರಣಿ; ಈ ಜಗಲಿ ಚೆನ್ನಾಗಿದೆ, ಆದರೆ ಎದುರಿಗೆ ಕೂತ ಮುದುಕ ಮಾತುಗಾರನಂತೆ ಕಾಣುತ್ತಾನೆ ಎಂದು ಅಳೆದು ಸುರಿಯುತ್ತಿರುತ್ತೇನೆ. ಬಸ್ಸು ಹೊರಟೊಡನೆ ಮನೆ ಖಾಲಿ ಮಾಡಬೇಕಾಗುತ್ತದೆ, ಸ್ವಲ್ಪ ಬೇಸರವೂ ಆಗುತ್ತದೆ. ನನ್ನ ಹೆಂಡತಿಗೆ ಈ ಚಾಳಿ ಗೊತ್ತು. ಪಕ್ಕದಲ್ಲಿ ಕೂತು, "ಈ ಊರಲ್ಲಾದ್ರೂ ಸಿಕ್ತಾ?" ಎಂದು ಕೇಳಿ ಕಡಲೆಕಾಯಿ ಬಿಡಿಸುತ್ತಾಳೆ.

ಈ ರೋಗ ನನಗೆ ಅಂಟಿದ್ದು ಮೊದಲ ಕೆಲಸದ ವರ್ಷದಲ್ಲಿ. ಆಗ ನಯಾಪೈಸೆ ಬಂದ ಹೊಸತು. ಕಂಡಕ್ಟರನಿಗೂ ಪ್ರಯಾಣಿಕರಿಗೂ ಆಣೆಯ ಲೆಕ್ಕಕ್ಕೆ ಜಗಳವಾಗಿ ಬಸ್ಸುಗಳು ತಡವಾಗುತ್ತಿದ್ದ ಕಾಲ. ಸೊರಬ ತಾಲ್ಲೂಕಿನ ಕುಬಟೂರಿನ ಹುಡುಗನಾದ ನನಗೆ ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪದ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಕೆಲಸ ಸಿಕ್ಕಿತು. ಮೂಗುದಾರ ಹಿಡಿಯುವುದು, ಮುಲಾಮು ಹಚ್ಚುವುದು, ಬಿದಿರಿನ ಗೊಟ್ಟದಲ್ಲಿ ಔಷಧ ತುಂಬಿ ದನದ ಬಾಯಿಗೆ ಹೊಯ್ಯುವುದು, ಹೊಯ್ದದ್ದರಲ್ಲಿ ಅರ್ಧವನ್ನು ನನ್ನ ಅಂಗಿಯ ಮೇಲೆ ವಾಪಸು ಪಡೆಯುವುದು, ಇಷ್ಟು ನನ್ನ ಕೆಲಸ. ಸರ್ಕಾರಿ ಕೆಲಸವೆಂದ ಮೇಲೆ ಕುಬಟೂರಿನಲ್ಲಿ ನನ್ನ ನಡಿಗೆಯೇ ಬದಲಾಯಿತೆಂದು ಅಮ್ಮ ಹೇಳುತ್ತಿದ್ದಳು.

ಕೆಲಸವೇನೋ ಸಿಕ್ಕಿತು, ಇರುವುದೆಲ್ಲಿ? ಶಿರಾಳಕೊಪ್ಪದ ಪೇಟೆಯಲ್ಲೋ, ಹತ್ತಿರದ ಯಾವುದಾದರೂ ಹಳ್ಳಿಯಲ್ಲೋ? ಕೆಟ್ಟು ಪಟ್ಟಣ ಸೇರು ಎನ್ನುತ್ತಾರೆ. ನಾನು ಇನ್ನೂ ಕೆಡದೆಯೇ ಸೇರಿದೆ. ಮೆಣಸಿನಕಾಯಿ ಸಾಹುಕಾರರೊಬ್ಬರ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ. ಕೋಣೆಗೊಂದು ವಿದ್ಯುತ್ ದೀಪ. ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಬೆಳೆದವನಿಗೆ ಅದಕ್ಕಿಂತ ಬೇರೆ ಸ್ವರ್ಗ ಬೇಕೆ? ಮೊದಲ ವಾರ ಸುಮ್ಮಸುಮ್ಮನೆ ಸ್ವಿಚ್ಚು ಹಾಕಿ ತೆಗೆದು ಮಾಡುತ್ತಿದ್ದೆ. ಸಾಹುಕಾರರು ಕೆಳಗಿನಿಂದ, "ಏನ್ ಹುಡುಕಾಕತ್ತೀರಿ ಕಾಂಪೌಂಡ್ರೇ?" ಎಂದು ಕೂಗಿದ ಮೇಲೆ ನಿಲ್ಲಿಸಿದೆ. ಎದುರಿಗೇ ಹೋಟೆಲು, ಹೋಟೆಲಿನಲ್ಲಿ ರೇಡಿಯೋ, ಕೈಯಿಂದ ಕೈಗೆ ಹೋಗಿ ಬಟ್ಟೆಯಷ್ಟು ಮೆತ್ತಗಾದ ಪೇಪರು. ಸಂತೆಯ ದಿನ ಮಹಡಿಯಿಂದ ನೋಡಿದರೆ ಸುತ್ತ ಮೂವತ್ತು ಹಳ್ಳಿಯ ರುಮಾಲುಗಳು ಕಾಣುತ್ತಿದ್ದವು.

ಆದರೆ ಸಾಹುಕಾರರು ಮೆಣಸಿನಕಾಯಿ ಚೀಲಗಳನ್ನು ಹೊತ್ತು ಮೂಡುವ ಮುಂಚೆಯೇ ಕೊಡವಿಸುತ್ತಿದ್ದರು. ಘಾಟು ನೇರ ಮಹಡಿಗೆ. ನಾನು ಸೀನುತ್ತ ಏಳುತ್ತಿದ್ದೆ, ಸೀನುತ್ತ ಸ್ನಾನ ಮಾಡುತ್ತಿದ್ದೆ, ಸೀನುತ್ತಲೇ ಆಸ್ಪತ್ರೆಗೆ ಹೋಗುತ್ತಿದ್ದೆ. ಗೊಟ್ಟ ಹಿಡಿದು ದನದ ಮೋರೆಯ ಮುಂದೆ ಸೀನುವ ಕಾಂಪೌಂಡರನನ್ನು ದನ ಹೇಗೆ ನಂಬೀತು? ಒಂದು ಎಮ್ಮೆ ಗಾಬರಿಗೊಂಡು ಗೊಟ್ಟವನ್ನೇ ಕಚ್ಚಿ ಸೀಳಿತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ನೋಡ್ರೀ, ಈ ಆಸ್ಪತ್ರೇಲಿ ರೋಗಿಗಳು ನಾಲ್ಕು ಕಾಲಿನವರೇ ಇರಲಿ" ಎಂದರು.

ಹೀಗೆ ನಾನು ಮೂರು ಮೈಲಿ ಆಚೆಯ ತಾಳಗುಂದಕ್ಕೆ ಹೋದೆ. ತಾಳಗುಂದವೆಂದರೆ ಸುಮ್ಮನೆ ಅಲ್ಲ, ಶಾಸನವಿರುವ ಊರು. ಅಲ್ಲಿನ ಕಲ್ಲಿನ ಕಂಬದಲ್ಲಿ ಒಬ್ಬನ ಕಥೆಯಿದೆ: ಓದಲೆಂದು ದೂರದ ರಾಜಧಾನಿಗೆ ಹೋದನಂತೆ, ಅಲ್ಲಿ ಕುದುರೆ ಸವಾರರೊಡನೆ ಜಗಳವಾಯಿತಂತೆ, ಪುಸ್ತಕ ಬಿಟ್ಟು ಕತ್ತಿ ಹಿಡಿದು ರಾಜನೇ ಆದನಂತೆ. ಪಟ್ಟಣಕ್ಕೆ ಹೋಗಿ ಮೂಗಿಗೆ ಪೆಟ್ಟು ತಿಂದವರ ಸಾಲಿನಲ್ಲಿ ನನಗಿಂತ ಹಿಂದೆಯೂ ದೊಡ್ಡವರಿದ್ದರೆಂದು ತಿಳಿದು ನನಗೆ ಸಮಾಧಾನವಾಯಿತು. ಅವನು ರಾಜ್ಯ ಕಟ್ಟಿದ. ನಾನು ಈರಪ್ಪನ ಮನೆಯ ಪಕ್ಕದ ಎರಡು ಅಂಕಣದ ಮನೆ ಹಿಡಿದೆ.

ಈರಪ್ಪ ನನ್ನ ಮಾಲೀಕ. ಐವತ್ತರ ಆಸುಪಾಸಿನ ರೈತ, ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. "ಪ್ಯಾಟ್ಯಾಗೆ ಏನೈತ್ರೀ? ಕುಂತ್ರೆ ಗ್ವಾಡಿ, ನಿಂತ್ರೆ ಗ್ವಾಡಿ. ಇಲ್ಲಿ ನೋಡ್ರೀ ಅಂಗಳ, ಕುದುರಿ ಓಡಿಸಬೌದು" ಎಂದು ಕೈ ಬೀಸಿ ತೋರಿಸಿದ್ದ. ಕುದುರೆ ಬರಲಿಲ್ಲ, ಮಿಕ್ಕವೆಲ್ಲ ಬಂದವು. ಮೊದಲ ವಾರ ಯಾರೋ ಹೆಗಲು ಬಾವು ಬಂದ ಎತ್ತನ್ನು ತಂದು ಕಟ್ಟಿದರು. ಎತ್ತು ಗುಣವಾಯಿತು. ಅದು ತಾನಾಗಿಯೇ ಗುಣವಾಗುವುದರಲ್ಲಿತ್ತು ಎಂದು ನನಗೂ ಎತ್ತಿಗೂ ಗೊತ್ತಿತ್ತು, ಊರಿಗೆ ಗೊತ್ತಿರಲಿಲ್ಲ. "ಕಾಂಪೌಂಡ್ರ ಕೈಗುಣ ಚಲೋ ಐತಿ" ಎಂದು ಸುದ್ದಿ ಹಬ್ಬಿತು. ಮೇಲಾಗಿ ಕುಂಟುವ ದನವನ್ನು ಮೂರು ಮೈಲಿ ನಡೆಸುವುದಕ್ಕಿಂತ ನನ್ನ ಅಂಗಳದಲ್ಲಿ ಕಟ್ಟಿ ಗದ್ದೆಗೆ ಹೋಗುವುದು ಸುಲಭವಲ್ಲವೇ? ಬೆಳಿಗ್ಗೆ ಬಾಗಿಲು ತೆಗೆದರೆ ನಾಲ್ಕೋ ಆರೋ ಮುಖಗಳು ನನ್ನನ್ನೇ ನೋಡುತ್ತಿದ್ದವು. ಸಂಜೆ ಯಜಮಾನರು ಬಂದು ಬಿಡಿಸಿಕೊಂಡು ಹೋಗುತ್ತಿದ್ದರು. ಪೇಟೆಯಲ್ಲಿದ್ದಾಗ ನಾನು ಆಸ್ಪತ್ರೆಗೆ ಹೋಗುತ್ತಿದ್ದೆ. ಹಳ್ಳಿಗೆ ಬಂದ ಮೇಲೆ ಆಸ್ಪತ್ರೆಯೇ ನನ್ನ ಮನೆಗೆ ಬಂತು. ಮುಂದಿನ ತಿಂಗಳು ಪೇಟೆಗೇ ವಾಪಸು ಎಂದು ಪ್ರತಿ ತಿಂಗಳೂ ತೀರ್ಮಾನ ಮಾಡುತ್ತಿದ್ದೆ.

ಆ ಹೊತ್ತಿಗೆ ನನಗೊಂದು ಹೆಣ್ಣು ಗೊತ್ತಾಗುವುದರಲ್ಲಿತ್ತು. ಸೊರಬದ ಹತ್ತಿರದ ಹಳ್ಳಿ, ಒಳ್ಳೆಯ ಬೇಸಾಯದ ಮನೆ. ಹುಡುಗಿಯ ಹೆಸರು ಪಾರ್ವತಿ. ನೋಡಲು ಹೋದ ದಿನ ಅವಳು ಅವಲಕ್ಕಿ ತಟ್ಟೆ ತಂದಿಟ್ಟು, ನಾನು ಮುಖ ನೋಡುವ ಮುಂಚೆಯೇ ನನ್ನ ಮುಖವನ್ನು ಚೆನ್ನಾಗಿ ನೋಡಿಕೊಂಡು ಒಳಗೆ ಹೋದಳು. ಮುಚ್ಚುಮರೆಯೇಕೆ, ಅಲ್ಲಿಗೇ ನನ್ನ ಕಥೆ ಮುಗಿದಿತ್ತು. ವಾಪಸು ಬರುವಾಗ ಬಸ್ಸು ಎಲ್ಲೆಲ್ಲಿ ನಿಂತಿತೋ ನನಗೆ ಗೊತ್ತಾಗಲಿಲ್ಲ. ಈ ಹೆಣ್ಣು ಸಿಗದಿದ್ದರೆ ಎಂಬ ಹೆದರಿಕೆಯಲ್ಲಿ ಊಟ ಸೇರುತ್ತಿರಲಿಲ್ಲ.

ಇನ್ನು ಉಳಿದದ್ದು ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡುವುದು. ನಮ್ಮ ಕಡೆ ಇದನ್ನು ಹೇಳಿ ಬಂದು ಮಾಡುವುದಿಲ್ಲ. ಹೇಳಿ ಬಂದರೆ ಪಕ್ಕದ ಮನೆಯ ದನ ತಂದು ಕೊಟ್ಟಿಗೆಯಲ್ಲಿ ಕಟ್ಟುತ್ತಾರೆ, ಹುಲ್ಲಿನ ಬಣವೆಗೆ ಒಳಗೆ ಸೊಪ್ಪು ತುಂಬುತ್ತಾರೆ ಎಂದು ಎಲ್ಲರಿಗೂ ಗೊತ್ತು, ಏಕೆಂದರೆ ಎಲ್ಲರೂ ಮಾಡಿದ್ದಾರೆ. ಹುಡುಗಿಯ ಸೋದರಮಾವ ಚನ್ನಬಸಪ್ಪ ಇಂಥ ಪರೀಕ್ಷೆಗಳಲ್ಲಿ ಪಳಗಿದ ಆಳು. ಕುಬಟೂರಿನ ನಮ್ಮ ಮನೆಯನ್ನು ನೋಡಿ ಮುಗಿಸಿ, ಹುಡುಗ ಇರುವ ಜಾಗವನ್ನೂ ನೋಡಿಬಿಡೋಣವೆಂದು ಒಂದು ಬೆಳಿಗ್ಗೆ ಹೇಳದೆ ಕೇಳದೆ ತಾಳಗುಂದಕ್ಕೆ ಬಂದಿಳಿದ. ನಾನು ಕೆರೆಗೆ ಸ್ನಾನಕ್ಕೆ ಹೋಗಿದ್ದೆ. ಅಂಗಳದಲ್ಲಿ ಅಂದು ಏಳು ರಾಸು.

ಒದ್ದೆ ಪಂಚೆಯಲ್ಲಿ ನಾನು ಬಂದಾಗ ಚನ್ನಬಸಪ್ಪ ಒಂದು ಎತ್ತಿನ ಹಲ್ಲು ಎಣಿಸುತ್ತಿದ್ದ. ಪಕ್ಕದಲ್ಲಿ ಈರಪ್ಪ ಗಂಭೀರವಾಗಿ ನಿಂತಿದ್ದ.

"ಸಂಬಳ ನಂಬ್ಕಂಡ್ ಬದುಕೋ ಹುಡುಗ ಅಂತ ಮಾಡಿದ್ದೆ ಮಾರಾಯ್ರೆ. ಏಳು ರಾಸು! ಹೇಳೇ ಇರ್ಲಿಲ್ವಲ್ಲ ನೀವು" ಎಂದು ಚನ್ನಬಸಪ್ಪ ನನ್ನ ಬೆನ್ನು ತಟ್ಟಿದ. "ಹೆಗಲಿಗೆಲ್ಲ ಮುಲಾಮು ಹಚ್ಚಿದೀರಿ?"

"ಕಾಂಪೌಂಡ್ರ ಅಂಗಳದ ದನ ಅಲ್ಲೇನ್ರೀ, ಔಷಧಕ್ಕೆ ಬರ ಇಲ್ಲ ನೋಡ್ರಿ" ಎಂದ ಈರಪ್ಪ, ನನ್ನ ಕಡೆ ಕಣ್ಣು ಮಿಟುಕಿಸಿ.

ನಾನು ಬಾಯಿ ತೆರೆಯಬೇಕಿತ್ತು. ಚಳಿಯಿಂದ ಹಲ್ಲು ಕಟಕಟ ಎನ್ನುತ್ತಿದ್ದವೆಂದು ಬಹುಕಾಲ ನನಗೆ ನಾನೇ ಸಮಜಾಯಿಷಿ ಹೇಳಿಕೊಂಡಿದ್ದೇನೆ. ನಿಜವೆಂದರೆ ಪಾರ್ವತಿಯ ಮುಖ ಕಣ್ಣ ಮುಂದೆ ಬಂತು, ಬಾಯಿ ಮುಚ್ಚಿತು. ಚನ್ನಬಸಪ್ಪ ಸಂತೋಷವಾಗಿ ಬಸ್ಸು ಹತ್ತಿದ ಮೇಲೆ ಈರಪ್ಪನ ಮೇಲೆ ರೇಗಿದೆ. "ಸಾವಿರ ಸುಳ್ಳು ಹೇಳಿ ಒಂದು ಮದಿವಿ ಮಾಡು ಅಂತಾರ. ನಾನು ಹೇಳಿದ್ದು ಏಳಾ. ಇನ್ನೂ ಭಾಳ ಬಾಕಿ ಅದಾವು" ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ. ಮುಂದಿನ ಎಂಟು ದಿನ ಪ್ರತಿ ಬೆಳಿಗ್ಗೆ ಆ ದನಗಳ ಮುಖ ನೋಡುವುದಕ್ಕೇ ನಾಚಿಕೆಯಾಗುತ್ತಿತ್ತು. ಸುಳ್ಳಿನ ಮೇಲೆ ಆ ಹುಡುಗಿಯನ್ನು ಕರೆದುಕೊಂಡು ಬಂದರೆ ಮೊದಲ ಸಂಜೆಯೇ ದನಗಳೆಲ್ಲ ಅವರವರ ಮನೆಗೆ ಹೋಗುತ್ತವೆ. ಆಗ ಏನು ಹೇಳಲಿ, ಮೇಯಲು ಹೋಗಿವೆ ಎನ್ನಲೇ?

ಒಂಬತ್ತನೆಯ ದಿನ ರಜೆ ಹಾಕಿ ಹುಡುಗಿಯ ಊರಿಗೆ ಹೋದೆ. ಹುಡುಗಿಯ ತಂದೆ ಜಗಲಿಯ ಮೇಲಿದ್ದರು, ಪಕ್ಕದಲ್ಲಿ ಚನ್ನಬಸಪ್ಪ. ಬಾಗಿಲ ಹಿಂದೆ ಬಳೆಯ ಸದ್ದು. ಕುಳಿತುಕೊಳ್ಳುವ ಮುಂಚೆಯೇ ಹೇಳಿಬಿಟ್ಟೆ. ಆ ಏಳೂ ರಾಸು ಊರವರದ್ದು, ಔಷಧಕ್ಕೆ ತಂದು ಕಟ್ಟಿದ್ದು. ನನ್ನದು ಅಂತ ಅಲ್ಲಿ ಇರುವುದು ಒಂದು ಟ್ರಂಕು, ಒಂದು ಹಾಸಿಗೆ, ಒಂದು ಗೊಟ್ಟ. ಗೊಟ್ಟವೂ ಸರ್ಕಾರದ್ದು. ಚನ್ನಬಸಪ್ಪನವರು ಎಣಿಸುವಾಗ ಸುಮ್ಮನಿದ್ದದ್ದು ನನ್ನ ತಪ್ಪು.

ಚನ್ನಬಸಪ್ಪನ ಮುಖ ಕೆಂಪಾಯಿತು. "ಹಲ್ಲು ಹಿಡಿದು ನೋಡಿದೀನಿ ಮಾರಾಯ್ರೆ!" ಎಂದ, ತಾನು ನೋಡಿದ ಹಲ್ಲಾದರೂ ನಿಜವಿರಬೇಕು ಎಂಬ ಹಾಗೆ. ತಂದೆ ಹೆಗಲ ಶಲ್ಯವನ್ನು ಕೈಗೆ ತೆಗೆದುಕೊಂಡರು. ಎಲ್ಲ ಮುಗಿಯಿತೆಂದು ನಾನು ಚಪ್ಪಲಿಗೆ ಕಾಲು ಹಾಕಿದೆ. ಆಗ ಒಳಗಿನಿಂದ, ಅಜ್ಜಿಗೆ ಹೇಳಿದಂತೆ, ಆದರೆ ಜಗಲಿಗೆ ಸ್ಪಷ್ಟವಾಗಿ ಕೇಳುವಂತೆ ಒಂದು ದನಿ ಬಂತು:

"ಅಜ್ಜೀ, ಏಳೂ ಸುಳ್ಳಂತೆ. ಸಗಣಿ ಬಾಚೋದು ತಪ್ತು. ಹೂಂ ಅನ್ನೋಕ್ಕೆ ಹೇಳು."

ತಂದೆ ಶಲ್ಯ ಬಾಯಿಗೆ ಅಡ್ಡ ಹಿಡಿದು ನಗತೊಡಗಿದರು. "ಕೂತ್ಕಳಿ ಮಾರಾಯ್ರೆ. ಏಳು ರಾಸು ಅಂತ ಇವನು ಬಂದು ಹೇಳಿದ್ದೇ ತಡ, ಹುಡುಗಿ ಒಲ್ಲೆ ಅಂತ ಕೂತಿದ್ಲು. ಹುಟ್ಟಿದ ಲಾಗಾಯ್ತು ಈ ಮನೇಲಿ ಹನ್ನೆರಡು ದನದ ಸಗಣಿ ಬಾಚಿದೀನಿ, ಅಲ್ಲೂ ಅದೇ ಬಾಳಾ ಅಂತ. ನಾಳೆ ನಿಮಗೆ ಬೇಡ ಅಂತ ಕಾಗದ ಬರೆಯೋದ್ರಲ್ಲಿದ್ದೆ."

ಹಾಕಿದ ಚಪ್ಪಲಿ ಬಿಟ್ಟು ಕುಳಿತೆ. ಯಾವುದರಿಂದ ಹೆಣ್ಣು ಸಿಗುತ್ತದೆಂದು ಬಾಯಿ ಮುಚ್ಚಿಕೊಂಡಿದ್ದೆನೋ ಅದರಿಂದಲೇ ಕೈ ತಪ್ಪುವುದರಲ್ಲಿತ್ತು. ಪೇಟೆಯಲ್ಲಿ ಬೇಗ ಒಂದು ಮನೆ ನೋಡುತ್ತೇನೆಂದು, ಯಾರೂ ಕೇಳದಿದ್ದರೂ, ಬಾಗಿಲಿನ ಕಡೆಗೆ ಮುಖ ಮಾಡಿ ಹೇಳಿ ಬಂದೆ.

ಮದುವೆಯಾಯಿತು. ಪೇಟೆಯಲ್ಲಿ ಮನೆ ಸಿಗಲಿಲ್ಲ. ಮನೆ ಕಟ್ಟಿ ನೋಡು ಎಂದವರು ಬಾಡಿಗೆ ಮನೆ ಹುಡುಕಿ ನೋಡಿರಲಿಲ್ಲ. ಸದ್ಯಕ್ಕೆ ತಾಳಗುಂದಕ್ಕೇ ಬಂದೆವು. ಮೊದಲ ಬೆಳಿಗ್ಗೆ ಪಾರ್ವತಿ ಬಾಗಿಲು ತೆಗೆದಳು. ಅಂಗಳದಲ್ಲಿ ಆರು ರಾಸು, ಅವು ಮಾಡುವ ಕೆಲಸವನ್ನು ಮಾಡಿ ನಿಂತಿದ್ದವು. ಅವಳು ತಿರುಗಿ ನನ್ನನ್ನು ನೋಡಿದಳು.

"ಇವು ನಮ್ಮವಲ್ಲ" ಎಂದೆ.

"ಸಗಣಿ ಯಾರದ್ದು?" ಎಂದಳು.

ಈ ಪ್ರಶ್ನೆಯನ್ನು ಅಷ್ಟು ತಿಂಗಳಲ್ಲಿ ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನಾನು ಆಸ್ಪತ್ರೆಗೆ ಹೋದ ಮೇಲೆ ಅಂಗಳ ಯಾರು ಬಳಿಯುತ್ತಿದ್ದರು? ಪಾರ್ವತಿಗೆ ತಿಳಿಯಲು ಅರ್ಧ ಗಂಟೆ ಹಿಡಿಯಿತು. ಈರಪ್ಪ ಬುಟ್ಟಿ ಹಿಡಿದು ಬಂದ. ಊರಿನ ಎಲ್ಲ ಕುಂಟು ದನಗಳ ಗೊಬ್ಬರ ಅವನ ತಿಪ್ಪೆಗೆ ಸೇರುತ್ತಿತ್ತು. ಆ ವರ್ಷ ಅವನ ಗದ್ದೆ ಎಲ್ಲರ ಗದ್ದೆಗಿಂತ ಹಸಿರಾಗಿತ್ತು. ಪೇಟೆಯ ಗೋಡೆಗಳನ್ನು ಅವನು ಅಷ್ಟು ಬೈದದ್ದೇಕೆ, ಎಂದೂ ಇಲ್ಲದ ಪ್ರೀತಿಯಿಂದ ನನ್ನ ಮದುವೆಗೆ ಸುಳ್ಳು ಹೇಳಿದ್ದೇಕೆ ಎಂದು ನನಗೆ ಆಗ ಹೊಳೆಯಿತು. ಮದುವೆಯಾದವನು ಬೇಗ ಊರು ಬಿಡುವುದಿಲ್ಲವಲ್ಲ.

ಪಾರ್ವತಿ ಜಗಳವಾಡಲಿಲ್ಲ. ಸಂಜೆ ದನ ಬಿಡಿಸಿಕೊಳ್ಳಲು ಬಂದ ಹೆಂಗಸರಿಗೆ, "ನಿಮ್ಮ ದನದ ಸಗಣಿ ನಮಗ್ಯಾಕೆ? ತಗಂಡು ಹೋಗಿ" ಎಂದಳು. ಆಹಾ, ಎಂಥ ಧಾರಾಳದ ಹೆಣ್ಣುಮಗಳು ಎಂದು ಊರೆಲ್ಲ ಕೊಂಡಾಡಿತು. ಕೊಂಡಾಡಿದವರು ಬುಟ್ಟಿ ತಂದರು, ಬಾಚಿದರು, ಬಾಚಿದ ಮೇಲೆ ಹಾಗೇ ಬಿಡುವುದು ಚೆನ್ನಲ್ಲವೆಂದು ಗುಡಿಸಿ ನೀರು ಚಿಮುಕಿಸಿ ಹೋದರು. ಈರಪ್ಪ ಮೂರು ದಿನ ನನ್ನೊಡನೆ ಮಾತು ಬಿಟ್ಟ.

ತಿಂಗಳು ಕಳೆದ ಮೇಲೆ, ಶಿರಾಳಕೊಪ್ಪದಲ್ಲಿ ಕೊನೆಗೂ ಒಂದು ಮನೆ ಖಾಲಿಯಾಗಿದೆ, ವಿದ್ಯುತ್ ದೀಪ ಉಂಟು, ಹೋಗೋಣವೇ ಎಂದು ಕೇಳಿದೆ. ಪಾರ್ವತಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಅಂಗಳದಲ್ಲಿ ಮೂವರು ಹೆಂಗಸರು ಮಾತಾಡುತ್ತ ಗುಡಿಸುತ್ತಿದ್ದರು.

"ಪೇಟೇಲಿ ಇಷ್ಟು ಜನ ಬಂದು ಅಂಗಳ ಗುಡಿಸಿ ಕೊಡ್ತಾರನ್ರೀ?" ಎಂದಳು.

ನಾವು ತಾಳಗುಂದದಲ್ಲಿ ಹನ್ನೊಂದು ವರ್ಷ ಇದ್ದೆವು.